ಎಡಗಿವಿಯ ಸಾಕ್ಷಿ

ಮುನಾಫ್ ಎಸೆದ ಕಲ್ಲು ಉಚ್ಚೆಂಗೆಪ್ಪನ ಹುಬ್ಬಿಗೆ ಬಡಿದು ಕೆಳಗೆ ಬಿತ್ತು. ರಕ್ತ ಕಣ್ಣಿಗಿಳಿಯಿತು. ಉಚ್ಚೆಂಗೆಪ್ಪ ಹಿಂದೆ ಸರಿಯಲಿಲ್ಲ. ಹೆಗಲ ಮೇಲಿದ್ದ ಹಾರೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಟವೆಲ್ಲಿನ ಚುಂಗಿನಿಂದ ಕಣ್ಣೊರೆಸಿಕೊಂಡ.

"ಗುಂಡಿ ತೋಡಾಕ ಬಂದೀನಪ್ಪಾ," ಎಂದ.

"ನಮ್ಮಪ್ಪನ ಗುಂಡಿ ನೀನು ನಾಕು ವರ್ಷದ ಹಿಂದ ಬಳ್ಳಾರಿ ಕೋರ್ಟಿನಾಗ ತೋಡೀದಿ! ಇನ್ನೇನು ತೋಡ್ತೀ?"

ಹುಡುಗ ಇನ್ನೊಂದು ಕಲ್ಲಿಗೆ ಬಾಗಿದ. ಕಮ್ಮಾರ ಮಾರೆಣ್ಣ ಹಿಂದಿನಿಂದ ಅವನ ನಡು ತಬ್ಬಿ ಹಿಡಿದ. ಮುನಾಫ್ ಕೊಸರಾಡಿದ, ಮೊಣಕೈಯಿಂದ ಮಾರೆಣ್ಣನ ಎದೆಗೆ ತಿವಿದ. ಅಂಗಳದಲ್ಲಿ ಕುಳಿತಿದ್ದ ನೆಂಟರು ಎದ್ದು ಬಂದು ಅವನನ್ನು ಎಳೆದುಕೊಂಡು ಹೋದರು. ಒಳಗೆ ಖಾದರಸಾಬನ ಹೆಣಕ್ಕೆ ಸ್ನಾನ ನಡೆದಿತ್ತು. ಕೊಡದಿಂದ ನೀರು ಸುರಿಯುವ ಸಪ್ಪಳ ಓಣಿಯ ತನಕ ಕೇಳುತ್ತಿತ್ತು.

ಉಚ್ಚೆಂಗೆಪ್ಪ ಎದುರು ಮನೆಯ ಗೋಡೆಗೆ ಒರಗಿ ಕುಳಿತ. ಹೋಗು ಅಂದರೂ ಹೋಗುವಂತಿರಲಿಲ್ಲ, ಬಾ ಅಂದವರೂ ಯಾರೂ ಇರಲಿಲ್ಲ.

ಅದು ಐವತ್ತೆರಡನೆಯ ಇಸವಿಯ ಸುಗ್ಗಿ. ಎತ್ತುಗಳಿಗೆ ಲಾಳ ಹೊಡೆಯುವ ಖಾದರಸಾಬ್ ಪ್ರತಿ ಸುಗ್ಗಿಯಲ್ಲೂ ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋಗಿ, ಭತ್ತದ ಗಾಡಿಗಳ ಅಡ್ಡೆಯಲ್ಲಿ ಹದಿನೈದು ದಿನ ಇರುತ್ತಿದ್ದ. ಈ ಸಲ ನಿನ್ನೆ ಸಂಜೆ ಅದೇ ಭತ್ತದ ಗಾಡಿಯೊಂದರಲ್ಲಿ ಹೆಣವಾಗಿ ಬಂದಿದ್ದ.

"ಎತ್ತು ಎದಿಗೇ ಒದ್ದೈತಂತ," ಮಾರೆಣ್ಣ ಪಕ್ಕದವನಿಗೆ ಹೇಳುತ್ತಿದ್ದ. "ಪಕ್ಕೆಲುಬು ಮುರದು ಒಳಗ ಚುಚ್ಚಿಕೊಂಡಾವ. ದಾರ್‍ಯಾಗ ಬಾಯಿಂದ ಬರೇ ರಕ್ತ."

"ಮೂವತ್ತು ವರ್ಷ ಲಾಳಕ್ಕ ಎತ್ತು ಕೆಡವಿದಾವ. ಅವಗ ಹೆಂಗ ಒದೀತು ಮಾರಾಯ?"

ಮಾರೆಣ್ಣ ಓಣಿಯಾಚೆ ಕುಳಿತಿದ್ದ ಉಚ್ಚೆಂಗೆಪ್ಪನನ್ನು ಒಮ್ಮೆ ನೋಡಿ, ನೀರಿನ ಕೊಡ ಎತ್ತಿಕೊಂಡು ಎದ್ದ.

*

ನಲವತ್ತಾರರಲ್ಲಿ ಊರ ಹೊರಗೆ ಹೈಸ್ಕೂಲು ತೆರೆದಾಗ ಉಚ್ಚೆಂಗೆಪ್ಪ, ಖಾದರಸಾಬ್ ಇಬ್ಬರೂ ಒಂದೇ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿದ್ದರು. ಉಚ್ಚೆಂಗೆಪ್ಪ ಬಾಡಿಗೆ ಗಾಡಿಯವನು. ಹತ್ತಿ ಹೇರಿಕೊಂಡು ಬಳ್ಳಾರಿಗೆ ಹೋಗಿ ಬರುವುದು ಅವನ ಕಸುಬು. ಅವನ ಎತ್ತುಗಳ ಕಾಲಿಗೆ ಖಾದರಸಾಬನ ಲಾಳವಲ್ಲದೆ ಬೇರೆಯವರದು ಬಿದ್ದಿರಲಿಲ್ಲ. ಅವನ ಮಗ ಎರ್ರಣ್ಣ, ಖಾದರಸಾಬನ ಮಗ ಮುನಾಫ್ ಒಂದೇ ವಾರಿಗೆಯವರು.

ಮೊದಲ ವರ್ಷವೇ ಎರ್ರಣ್ಣನಿಗೆ ವಿಷಮಜ್ವರ ಬಂತು. ಇಪ್ಪತ್ತೊಂದು ದಿನ ಹುಡುಗ ಹಾಸಿಗೆ ಹಿಡಿದ. ಲೆಕ್ಕದ ಮೇಷ್ಟ್ರು ದಿನಾ ಸಂಜೆ ಆ ಹಟ್ಟಿಯಂಥ ಮನೆಗೆ ಬರುತ್ತಿದ್ದರು. ಕೋಟು ತೆಗೆದು ಗೂಟಕ್ಕೆ ಹಾಕಿ, ಹುಡುಗನ ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ತಾವೇ ಹಿಂಡಿ ಹಾಕುತ್ತಿದ್ದರು. ಜ್ವರ ಇಳಿದ ಮೇಲೆ ಹಾಸಿಗೆಯ ಪಕ್ಕದಲ್ಲೇ ಕುಳಿತು ತಪ್ಪಿಹೋದ ಪಾಠ ಹೇಳಿಕೊಟ್ಟರು. ಒಂದು ಲೋಟ ಮಜ್ಜಿಗೆ ಬಿಟ್ಟರೆ ಮತ್ತೇನನ್ನೂ ಮುಟ್ಟಲಿಲ್ಲ. ಅವರು ಹೋದ ಮೇಲೆ ಉಚ್ಚೆಂಗೆಪ್ಪ ಅವರು ಕುಳಿತಿದ್ದ ಜಾಗಕ್ಕೆ ಕೈಮುಗಿಯುತ್ತಿದ್ದ.

ಖಾದರಸಾಬನಿಗೆ ಕಂಡ ಹೈಸ್ಕೂಲು ಬೇರೆ. ಬೆಳಿಗ್ಗೆ ಎತ್ತಿನ ಹಗ್ಗ ಹಿಡಿದು ಬರುವ ಮುನಾಫನ ಅಂಗಿಗೆ ಸೆಗಣಿ ವಾಸನೆ ಇರುತ್ತಿತ್ತು. ಅದೇ ಮೇಷ್ಟ್ರು ಅವನನ್ನು ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಹಾಕಿದರು. ಹೆಸರು ಹಿಡಿದು ಕೂಗಲಿಲ್ಲ. 'ಏ ಲಾಳ' ಎಂದರು. ಅದನ್ನು ಕೇಳಲು ಖಾದರಸಾಬ್ ಮುಂಡಾಸು ಸುತ್ತಿಕೊಂಡು ಹೋದರೆ ಮಧ್ಯಾಹ್ನದ ತನಕ ಬಿಸಿಲಲ್ಲಿ ನಿಲ್ಲಿಸಿ, ಕೊನೆಗೆ ಜವಾನನ ಕೈಲಿ ಹೇಳಿಕಳಿಸಿದರು, ನಾಳೆ ಬಾ ಎಂದು.

"ಹಂಗ ಮಾಡೋರಲ್ಲ ಬಿಡು ಅವರು," ಎಂದಿದ್ದ ಉಚ್ಚೆಂಗೆಪ್ಪ. "ದೇವರಂಥಾ ಮನುಷ್ಯ."

ಕೆಡವಿದ ಎತ್ತಿನ ಗೊರಸು ಕೆತ್ತುತ್ತಿದ್ದ ಖಾದರಸಾಬ್ ತಲೆ ಎತ್ತಲಿಲ್ಲ. "ನಿನಗ ದೇವರಿರಬೌದು ಲೇ ಉಚ್ಚೆಂಗ್ಯಾ. ಒಳಗ ಕರದ್ರ ತಾನ ನನಗ ಗೊತ್ತಾಗೋದು?"

*

ಚಾಂದಬೀ ಬಾಗಿಲಿಗೆ ಬಂದಾಗ ಬಿಸಿಲು ಏರಿತ್ತು. ಸೆರಗು ತಲೆ ತುಂಬ ಹೊದ್ದಿದ್ದಳು. ಬಳೆ ಇಲ್ಲದ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಓಣಿಯಾಚೆ ಕೂತವನನ್ನು ಕರೆದಳು.

"ಉಚ್ಚೆಂಗಣ್ಣ, ಬಾ ಇಲ್ಲಿ."

ಅವನು ಎದ್ದು ಬಂದ. ಹುಬ್ಬಿನ ರಕ್ತ ಒಣಗಿ ಕೆನ್ನೆಗೆ ಅಂಟಿತ್ತು. ಅವಳು ಅದನ್ನು ನೋಡಿದಳು, ಕೇಳಲಿಲ್ಲ.

"ಅವರು ಹೆಂಗ ಹೋದ್ರು ಅಂತ ಗೊತ್ತೈತೇನು ನಿನಗ?"

"ಎತ್ತು ಒದೀತಂತ ಕೇಳಿದೆ ತಾಯಿ."

"ಅದು ಊರಿಗೆಲ್ಲಾ ಗೊತ್ತು. ಎತ್ತಿನ ಹಗ್ಗ ಹಿಡದಿದ್ದು ನಮ್ಮ ಮುನಾಫ. ಗಂಟು ಸಡ್ಲಾಗಿದ್ದು ಅವರ ಕಣ್ಣಿಗೆ ಬಿತ್ತು. 'ಬಿಗಿ ಹಿಡಿ ಮುನಾಫ' ಅಂತ ಕೂಗಿದ್ರು. ಎರಡ್ಸಲ ಕೂಗಿದ್ರಂತ, ನೋಡಿದೋರು ಹೇಳಿದ್ರು. ಅವರು ಕುಂತಿದ್ದು ಇವನ ಎಡಕ್ಕ."

ಉಚ್ಚೆಂಗೆಪ್ಪನ ಕೈ ತನ್ನ ಎಡಗಿವಿಗೆ ಹೋಯಿತು.

"ಇವಗ ಕೇಳಲಿಲ್ಲ," ಎಂದಳು ಚಾಂದಬೀ. "ನಿನ್ನೆಯಿಂದ ಒಂದು ಹನಿ ನೀರು ಕುಡದಿಲ್ಲ. ಆ ಕೇಳದ ಎಡಗಿವೀನ ತಾನ ಗುದ್ದಿಕೊಳ್ಳಾಕ ಹತ್ಯಾನ. 'ಅಪ್ಪನ್ನ ನಾನ ಕೊಂದೆ' ಅಂತಾನ. ಅಲ್ಲಪ್ಪಾ ನೀನಲ್ಲ ಅಂತ ನಾನು ಹೇಳಿದ್ರ ತಾಯಿ ಮಾತು ಅಂತಾನ. ನಾನೇನು ಕಂಡೀನಿ? ಸಾಲ್ಯಾಗ ಏನಾತು ಅಂತ ಕಣ್ಣಾರೆ ಕಂಡಾವ ನೀನೊಬ್ಬನ."

"ಚಾಂದವ್ವಾ..."

"ನನಗ ಏನೂ ಹೇಳಬ್ಯಾಡ. ಕೋರ್ಟಿಗೆ ಮುಂಚೆ ನಿನ್ನ ಮನಿ ಬಾಗಲಿಗೆ ಬಂದು, ಸಾಕ್ಷಿ ಹೇಳು ಅಂತ ಸೆರಗೊಡ್ಡಿ ಕೇಳಿದ್ದೆ. ಹೇಳ್ತೀನಿ ಹೋಗು ತಂಗಿ ಅಂದಿದ್ದಿ. ಇನ್ನ ಕೇಳಂಗಿಲ್ಲ."

ಅವಳು ಒಳಗೆ ಹೋದಳು. ಹೆಣಕ್ಕೆ ಸುತ್ತುವ ಕಫನ್ ಬಟ್ಟೆ ಹರಿಯುವ ಸದ್ದು ಕೇಳಿಸಿತು.

*

ನಾಲ್ಕು ವರ್ಷದ ಹಿಂದೆ, ಒಂದು ದಿನ ಬಳ್ಳಾರಿಯಿಂದ ಶಾಲಾ ಇನ್ಸ್‌ಪೆಕ್ಟರು ಬಂದು ಹೋಗಿದ್ದರು. ಹೈಸ್ಕೂಲಿನ ಹೊಸ ಕೋಣೆಗೆ ಉಚ್ಚೆಂಗೆಪ್ಪ ಮರಳು ತಂದಿದ್ದ. ಬುಟ್ಟಿ ತಲೆಯ ಮೇಲೆ ಹೊತ್ತು ಕಿಟಕಿಯ ಪಕ್ಕ ಹಾದು ಹೋಗುವಾಗ ಒಳಗಿನ ಮಾತು ಕೇಳಿ ನಿಂತ.

"ಇನ್ಸ್‌ಪೆಕ್ಟರ ಮುಂದೆ ನನ್ನ ಮರ್ಯಾದೆ ಕಳೆದೆಯಲ್ಲೋ! ಒಂದು ಲೆಕ್ಕ, ಒಂದೇ ಒಂದು ಲೆಕ್ಕ! ಬೆಳಿಗ್ಗೆ ಎಲ್ಲಿ ಸತ್ತಿದ್ದೆ?"

"ನಮ್ಮಪ್ಪಗ ಎತ್ತು ಹಿಡಿಯಾಕ ಹೋಗಿದ್ದೆ ಸಾರ್."

"ಎತ್ತಿನ ಕಾಲು ಹಿಡಿಯೋನಿಗೆ ಲೆಕ್ಕ ಯಾಕೆ?"

ಮೇಷ್ಟ್ರ ಕೈಯಲ್ಲಿ ಬೀಟೆ ಮರದ ರೂಲುದೊಣ್ಣೆ ಇತ್ತು. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಹುಡುಗ ಕೈ ಅಡ್ಡ ಹಿಡಿದ, ಬೆರಳಿಗೆ ಬಿತ್ತು. ಕೈ ಕೆಳಗಿಳಿಯಿತು. ಮೂರು, ನಾಲ್ಕು, ಐದು ತಲೆಗೆ. ಆರನೆಯದು ಎಡಗಿವಿಯ ಮೇಲೆ ಅಡ್ಡಡ್ಡ ಕೂತಿತು. ಹುಡುಗ ಕೂಗಲಿಲ್ಲ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರಿಗೆ ಸೇರಿತು. ಅವನು ಗೋಡೆ ಹಿಡಿದು ನಿಧಾನಕ್ಕೆ ಕುಸಿದ. ಮುಂದಿನ ಬೆಂಚಿನಲ್ಲಿ ಎರ್ರಣ್ಣ ಪುಸ್ತಕದೊಳಗೆ ಮುಖ ಹುದುಗಿಸಿ ಕುಳಿತಿದ್ದ.

ಉಚ್ಚೆಂಗೆಪ್ಪ ಬುಟ್ಟಿಯನ್ನೂ ಇಳಿಸಲಿಲ್ಲ. ಮರಳಿನ ನೀರು ಅವನ ಕತ್ತಿನಗುಂಟ ಸೋರುತ್ತಿತ್ತು. ಒಂದು ಕೂಗು ಹಾಕಿದ್ದರೆ ನಾಲ್ಕನೆಯ ಏಟಿಗೇ ನಿಲ್ಲುತ್ತಿತ್ತೋ ಏನೋ. ಅವನಿಗೆ ಕೂಗಬೇಕೆಂದು ಹೊಳೆಯಲೇ ಇಲ್ಲ. ಮಗನ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈ ಅದೇನಾ ಎಂದಷ್ಟೇ ನೋಡುತ್ತ ನಿಂತಿದ್ದ.

ಸುದ್ದಿ ಕೇಳಿ ಅರ್ಧ ಗಂಟೆಯೊಳಗೆ ಖಾದರಸಾಬ್ ಬಂದ. ಬರಿಗಾಲು, ಬರಿಮೈ, ಕೈಯಲ್ಲಿ ಲಾಳ ಹೊಡೆಯುವ ಸುತ್ತಿಗೆ. ಯಾರನ್ನೂ ಏನೂ ಕೇಳಲಿಲ್ಲ. ಹೊರಗೆ ಬಂದ ಮೇಷ್ಟ್ರ ಬಲಗೈ ಹಿಡಿದು, ಎತ್ತಿನ ಗೊರಸನ್ನು ಕಲ್ಲಿನ ಮೇಲಿಡುವಂತೆ ಕಟ್ಟೆಯ ಮೇಲಿಟ್ಟು, ಎರಡು ಏಟು ಹಾಕಿದ. ಎಲುಬು ಮುರಿದ ಸದ್ದಿಗೆ ಗಾಡಿಗೆ ಕಟ್ಟಿದ್ದ ಎತ್ತುಗಳು ಬೆದರಿದವು. ಮೇಷ್ಟ್ರು ಕಿರುಚುತ್ತ ನೆಲಕ್ಕೆ ಬಿದ್ದು ಹೊರಳಾಡಿದರು. ಖಾದರಸಾಬ್ ಸುತ್ತಿಗೆ ಕೆಳಗಿಟ್ಟು, ಪೊಲೀಸರು ಬರುವ ತನಕ ಅದರ ಪಕ್ಕದಲ್ಲೇ ಕುಳಿತ.

ಹುಡುಗ ಮೆಟ್ಟಿಲಿಂದ ಬಿದ್ದು ಗಾಯ ಮಾಡಿಕೊಂಡ ಎಂದು ಹೈಸ್ಕೂಲಿನವರು ಬರೆಸಿದರು. ಅಲ್ಲ ಎನ್ನಲು ಇದ್ದ ದೊಡ್ಡವನು ಉಚ್ಚೆಂಗೆಪ್ಪ ಒಬ್ಬನೇ. ಅವನಿಗೆ ಯಾರೂ ಬೆದರಿಕೆ ಹಾಕಲಿಲ್ಲ. ಕೋರ್ಟಿನ ಹಿಂದಿನ ಸಂಜೆ ಮೇಷ್ಟ್ರು ಬಂದರು. ಮುರಿದ ಕೈ ಕೊರಳಿಗೆ ಜೋತುಬಿದ್ದಿತ್ತು. ಕೇಸಿನ ಮಾತೇ ತೆಗೆಯಲಿಲ್ಲ. ಎರ್ರಣ್ಣನ ಪಕ್ಕ ಕುಳಿತು ಎಡಗೈಯಲ್ಲಿ, ಮಗು ಬರೆದಂತೆ ಸೊಟ್ಟಸೊಟ್ಟಗೆ, ಪರೀಕ್ಷೆಯ ಲೆಕ್ಕ ಬಿಡಿಸಿ ತೋರಿಸಿದರು. ಹಣೆಯಲ್ಲಿ ಬೆವರು ಹರಿಯುತ್ತಿತ್ತು. ಮಜ್ಜಿಗೆ ಕುಡಿದು ಎದ್ದು ಹೋದರು.

ಮರುದಿನ ಬಳ್ಳಾರಿ ಕೋರ್ಟಿನಲ್ಲಿ ಖಾದರಸಾಬನ ಕಡೆಯ ವಕೀಲರು ಕೇಳಿದರು, "ಹುಡುಗನಿಗೆ ಹೊಡೆದದ್ದನ್ನು ಕಂಡೆಯಾ?"

"ಸುತ್ತಿಗಿ ಕಂಡೆ ಸ್ವಾಮಿ," ಎಂದ ಉಚ್ಚೆಂಗೆಪ್ಪ. "ಹುಡುಗನ್ನ ಹೊಡದಿದ್ದು ನಾನು ಕಾಣಲಿಲ್ಲ."

ಕಟಕಟೆಯಲ್ಲಿ ನಿಂತಿದ್ದ ಖಾದರಸಾಬ್ ಅವನತ್ತ ತಿರುಗಿದ. ಸಿಟ್ಟು ಇರಲಿಲ್ಲ ಆ ಮುಖದಲ್ಲಿ. ಎಂದೂ ಒದೆಯದ ಎತ್ತು ಒದ್ದಾಗ ನೋಡುವಂತೆ ನೋಡಿದ. ಒಂದೂವರೆ ವರ್ಷದ ಕಠಿಣ ಸಜೆ ಆಯಿತು. ಬಿಡುಗಡೆಯಾಗಿ ಬಂದ ಮೇಲೆ ಊರ ಎತ್ತಿಗೆಲ್ಲ ಲಾಳ ಹೊಡೆದ. ಉಚ್ಚೆಂಗೆಪ್ಪನ ಎತ್ತುಗಳು ಎದುರಾದರೆ ಮಾತ್ರ ಅವುಗಳ ಬೆನ್ನು ತಟ್ಟಿ, ಮಾಲೀಕನ ಮುಖ ನೋಡದೆ ಹೋಗುತ್ತಿದ್ದ.

*

ಖಬರಸ್ತಾನದಲ್ಲಿ ಗುಂಡಿ ಆಗಲೇ ತೋಡಿಯಾಗಿತ್ತು. ಹೆಣ ಹೊತ್ತ ಜನಾಜಾದ ಹಿಂದೆ ಇಪ್ಪತ್ತು ಮಾರು ದೂರದಲ್ಲಿ ಉಚ್ಚೆಂಗೆಪ್ಪ ನಡೆದು ಬಂದ. ನಮಾಜ್ ಮುಗಿಯುವ ತನಕ ಗೋಡೆಯ ಹೊರಗೆ ನಿಂತ. ಹೈಸ್ಕೂಲಿಂದ ಎರ್ರಣ್ಣನೂ ಬಂದಿದ್ದ. ಬಳ್ಳಾರಿಯಲ್ಲಿ ಟ್ರೈನಿಂಗ್ ಮುಗಿಸಿ, ಓದಿದ ಸಾಲೆಯಲ್ಲೇ ಮೇಷ್ಟ್ರಾಗಿ ಒಂದು ವರ್ಷವಾಗಿತ್ತು. ಆ ಲೆಕ್ಕದ ಮೇಷ್ಟ್ರೇ ಈಗ ಅಲ್ಲಿ ಹೆಡ್ಮಾಸ್ಟ್ರು.

ಮುನಾಫ್ ಗುಂಡಿಗೆ ಇಳಿದು ತಂದೆಯನ್ನು ಕೈಗೆ ತೆಗೆದುಕೊಂಡ. ಮಲಗಿಸಿ, ಮುಖವನ್ನು ಪಶ್ಚಿಮಕ್ಕೆ ತಿರುಗಿಸಿದ. ಮಾರೆಣ್ಣ ಮತ್ತಿಬ್ಬರು ಹಾಸುಗಲ್ಲು ಎತ್ತಲು ಬಾಗಿದರು.

ಆಗ ಉಚ್ಚೆಂಗೆಪ್ಪ ಗೋಡೆ ದಾಟಿ ಒಳಬಂದ. ಗುಂಡಿಯ ಅಂಚಿಗೆ ನಿಂತು, "ಮುನಾಫಾ, ನಾನು ಕಂಡೀನಿ," ಎಂದ. "ಕಿಟಕ್ಯಾಗಿಂದ ಕಂಡೀನಿ. ಆರು ಏಟು. ಕೋರ್ಟಿನಾಗ ಸುಳ್ಳು ಹೇಳಿದೆ."

ಜನ ಅವನತ್ತ ತಿರುಗಿದರು. ಗುಂಡಿಯೊಳಗಿನ ಮುನಾಫ್ ಮಾತ್ರ ತಂದೆಯ ತಲೆಯ ಕೆಳಗೆ ಮಣ್ಣು ಸರಿಮಾಡುತ್ತಲೇ ಇದ್ದ. ಉಚ್ಚೆಂಗೆಪ್ಪ ನಿಂತಿದ್ದು ಅವನ ಎಡಕ್ಕೆ.

ಎರ್ರಣ್ಣ ಓಡಿಬಂದು ತೋಳು ಹಿಡಿದ. "ಎಪ್ಪಾ, ಬಾಯಿ ಮುಚ್ಚು. ತಲಿ ಕೆಟ್ಟೈತೇನು? ನೀನು ಜೈಲಿಗೆ ಹೋಗ್ತಿ, ನನ್ನ ನೌಕರಿ ಹೋಗ್ತೈತಿ. ನಡಿ ಮನಿಗೆ."

"ಬಿಡು ಲೇ."

"ಮೇಷ್ಟ್ರು ನನಗ ಜೀವ ಕೊಟ್ಟಾರ ಎಪ್ಪಾ! ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ಅದಕ್ಕ ಸುಳ್ಳು ಹೇಳಿದೆ. ನೀನೂ ಅಲ್ಲೇ ಕುಂತಿದ್ದಿ, ಮುಂದಿನ ಬೆಂಚಿನಾಗ."

ಎರ್ರಣ್ಣ ಎಳೆದ. ಉಚ್ಚೆಂಗೆಪ್ಪ ತಿರುಗಿ ಅವನ ಕೆನ್ನೆಗೆ ಬಾರಿಸಿದ. ಹುಟ್ಟಿದಾಗಿನಿಂದ ಒಂದು ದಿನವೂ ಮಗನ ಮೇಲೆ ಎತ್ತದ ಕೈ. ಎರ್ರಣ್ಣ ಮಣ್ಣಗುಡ್ಡೆಯ ಮೇಲೆ ಬಿದ್ದ. ಬಿಳಿ ಅಂಗಿ ಕೆಂಪು ಮಣ್ಣಾಯಿತು. ಅವನನ್ನು ಅಲ್ಲೇ ಬಿಟ್ಟು ಉಚ್ಚೆಂಗೆಪ್ಪ ಗುಂಡಿಯನ್ನು ಸುತ್ತಿ ಬಲಗಡೆಗೆ ಬಂದು ಕುಕ್ಕರಿಸಿದ.

"ಮುನಾಫಾ, ನೀನು ಮೆಟ್ಲಿಂದ ಬಿದ್ದಿಲ್ಲ. ರೂಲುದೊಣ್ಣಿಲೆ ಆರು ಏಟು ಹೊಡದ್ರು. ಕಡೇದು ಕಿವಿಗೆ ಬಿತ್ತು, ಅದಕ್ಕ ಅಪ್ಪನ ಕೂಗು ನಿನಗ ಕೇಳಲಿಲ್ಲ. ನಾನು ಬುಟ್ಟಿ ಹೊತಗೊಂಡು ನೋಡಿಕೊಂತ ನಿಂತಿದ್ದೆ. ಅಪ್ಪನ್ನ ಕೊಂದಿದ್ದು ನೀನಲ್ಲಪ್ಪಾ."

ಮುನಾಫ್ ತಲೆ ಎತ್ತಿದ. ಅವನೇ ಗುದ್ದಿಕೊಂಡ ಎಡಗಿವಿ ಕೆಂಪಗೆ ಊದಿತ್ತು. ಒಂದೇ ಜಿಗಿತಕ್ಕೆ ಮೇಲೆ ಬಂದವನೇ ಉಚ್ಚೆಂಗೆಪ್ಪನ ಬಾಯಿಗೆ ಗುದ್ದಿದ. ಹಲ್ಲೊಂದು ಕಿತ್ತು ಬಂತು. ಬಿಡಿಸಲು ಬಂದ ಮಾರೆಣ್ಣನನ್ನು ಉಚ್ಚೆಂಗೆಪ್ಪನೇ ಕೈಯಾಡಿಸಿ ತಡೆದ.

"ಮತ್ತ ಹೇಳು," ಎಂದ ಮುನಾಫ್.

"ಆರು ಏಟು. ನಾನು ಕಂಡೆ."

ಮತ್ತೊಂದು ಗುದ್ದು. "ಮತ್ತ ಹೇಳು."

"ಕಂಡೆ. ಕಂಡಿಲ್ಲ ಅಂದೆ."

ಮುನಾಫನ ಕೈ ಮೂರನೆಯ ಸಲ ಎದ್ದಿದ್ದು ಬೀಳಲಿಲ್ಲ. ಅವನು ಏದುಸಿರು ಬಿಡುತ್ತ, ಉಚ್ಚೆಂಗೆಪ್ಪನ ಕತ್ತಿನ ಹಿಂಬದಿ ಹಿಡಿದು ಗುಂಡಿಯ ಅಂಚಿಗೆ ದೂಡಿದ.

"ನಮ್ಮಪ್ಪಗ ಹೇಳು."

ಉಚ್ಚೆಂಗೆಪ್ಪ ಮೊಣಕಾಲೂರಿದ. ಎರಡೂ ಕೈ ಅಂಚಿಗೆ ಕೊಟ್ಟು, ತಲೆಯನ್ನು ಗುಂಡಿಯೊಳಕ್ಕೆ ಇಳಿಬಿಟ್ಟ. "ಖಾದರಾ," ಎಂದದ್ದು ಎಲ್ಲರಿಗೂ ಕೇಳಿತು. ಆಮೇಲಿನದು ಯಾರಿಗೂ ಕೇಳಲಿಲ್ಲ. ತುಟಿಯಿಂದ ರಕ್ತ ಎಳೆಯಾಗಿ ಇಳಿಯುತ್ತಿತ್ತು. ಬಿಳಿ ಕಫನಿನ ಮೇಲೆ ಬೀಳದಂತೆ ಅವನು ಆಗಾಗ ಅಂಗೈ ಒಡ್ಡುತ್ತಿದ್ದ.

ಹೊತ್ತಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಮಾರೆಣ್ಣ ಮತ್ತಿಬ್ಬರು ಒಂದೊಂದೇ ಹಾಸುಗಲ್ಲನ್ನು ಇಳಿಸಿ, ಆ ಬಾಗಿದ ತಲೆಗೆ ತಾಕದಂತೆ ಓರೆಯಾಗಿ ಜೋಡಿಸಿದರು. ಕೊನೆಯ ಕಲ್ಲು ಕೂತು ಒಳಗಿನದು ಮರೆಯಾದರೂ ಉಚ್ಚೆಂಗೆಪ್ಪನ ತುಟಿ ಆಡುತ್ತಲೇ ಇತ್ತು. ಜನ ಸರದಿಯ ಮೇಲೆ ಮೂರು ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಮುನಾಫ್ ಸಲಿಕೆ ತೆಗೆದುಕೊಂಡ. ಏಳು ಎಂದು ಅವನೂ ಅನ್ನಲಿಲ್ಲ, ಇವನೂ ಏಳಲಿಲ್ಲ. ಸಲಿಕೆಯಿಂದ ಜಾರಿದ ಕೆಂಪು ಮಣ್ಣು ಕಲ್ಲಿನ ಮೇಲಷ್ಟು, ಬಾಗಿದ ಬೆನ್ನಿನ ಮೇಲಷ್ಟು ಬೀಳತೊಡಗಿತು.