ನನ್ನ ಮನೆಯ ಎಲೆ

ಮುಂದೆ ನಿಂತ ಬಸವಮ್ಮನ ತುರುಬಿನಿಂದ ಹರಳೆಣ್ಣೆ ವಾಸನೆ, ಸ್ಕೂಲಿನ ಗೋಡೆಯ ಹೊಸ ಸುಣ್ಣ ಸೆರಗಿಗೆ ಹತ್ತುತ್ತಿದೆ, ಹತ್ತಲಿ, ಇನ್ನು ಐದು ಜನ ಕಳೆದರೆ ಗೊತ್ತಾಗುತ್ತದೆ ಓಟಿನ ಪಟ್ಟಿಯಲ್ಲಿ ನನ್ನ ಹೆಸರಿದೆಯೋ ಇಲ್ಲವೋ — ನಮ್ಮ ಬೀದಿಯ ಇಬ್ಬರು ಆಗಲೇ ಮುಖ ಸಣ್ಣಗೆ ಮಾಡಿಕೊಂಡು ವಾಪಸು ಹೋದರು, ಇಂಥವರ ಹೆಂಡತಿ ಅಂತಷ್ಟೇ ಬರೆಸಿದ್ದರಂತೆ, ಸ್ವಂತ ಹೆಸರಿಲ್ಲದವರನ್ನೆಲ್ಲ ಹೊಡೆದುಹಾಕಿದ್ದಾರಂತೆ — ಪಟ್ಟಿ ಬರೆಯುವವರು ನಮ್ಮ ಜಗುಲಿಗೆ ಬಂದ ದಿನ ಮೈದುನ ಮರಿಮಲ್ಲಪ್ಪ ಹೇಳಿದ್ದೂ ಅದನ್ನೇ, ಸತ್ತೋದ ನಮ್ಮಣ್ಣನ ಎಡ್ತಿ ಅಂತ ಬರ್ಕಳಿ ಸಾಮಿ, ಅಷ್ಟು ಸಾಕು, ನಾನು ಅಡುಗೆಮನೆ ಬಾಗಿಲ ಹಿಂದೆ ರಾಗಿಹಿಟ್ಟಿನ ಕೈಯಲ್ಲೇ ನಿಂತು ಶಾಂತಮಲ್ಲಮ್ಮ ಅಂದೆ, ಬಾಯಿಬಿಟ್ಟು ಅಂದೆನೋ ಮನಸ್ಸಿನಲ್ಲೇ ಅಂದುಕೊಂಡೆನೋ, ಪೆನ್ಸಿಲ್ಲು ಒಂದು ಗಳಿಗೆ ನಿಂತಿತು, ಆಮೇಲೆ ಏನು ಬರೆಯಿತೋ ನನಗೆ ಕಾಣಲಿಲ್ಲ.

ಗಂಡಸರ ಸಾಲಿನಲ್ಲಿ ಕೂಟದ ಹಿರಿಯರಾದ ಕರಿಬಸವಯ್ಯನವರದು ಬೆಳಗಿನಿಂದ ಒಂದೇ ಮಾತು, ಊರು ಊರೇ ಕೂತ್ಕಂಡು ಮಾತಾಡದ್ನ ಬುಟ್ಟು ಒಬ್ಬನ್ನ ಬೆಂಗ್ಳೂರ್ಗೆ ಕಳುಸ್ಬುಟ್ರೆ ಅವ್ನು ನಮ್ಮ ಮಾತಾಡಾನೇನ್ಲಾ — ನಿಜವೇ, ನಮ್ಮೂರು ಉಡಿಗಾಲದ ಕೂಟ ಅಂದರೆ ಕೂಟ, ಬಸವನ ಗುಡಿ ಮುಂದೆ ಕಂಬಳಿ ಹಾಸಿ, ಮನೆಗೊಂದರಂತೆ ಎಣಿಸಿ ಹರಿವಾಣದಲ್ಲಿ ವೀಳ್ಯದೆಲೆ ಇಟ್ಟು, ಒಪ್ಪಿದ ಮನೆಯವರು ಒಂದೊಂದು ಎತ್ತಿಕೊಳ್ಳಬೇಕು, ಒಂದೇ ಒಂದು ಎಲೆ ಉಳಿದರೂ ಊರು ಒಪ್ಪಲಿಲ್ಲ, ಮತ್ತೆ ಕೂರಬೇಕು, ಎಂಥ ಚೆಂದದ ಪದ್ಧತಿ, ಕಂಬಳಿ ಮೇಲೆ ಕೂತವರಿಗೆ — ನಾವು ಹೆಂಗಸರು ಗೋಡೆ ಮರೆಯಲ್ಲಿ, ನನ್ನ ಹುರುಳಿ ಹೊಲದ ನಡುವೆ ಗಾಡಿದಾರಿ ಬಿಡುವ ಮಾತು ಬಂದಾಗ ಹರಿವಾಣ ಮರಿಮಲ್ಲಪ್ಪನ ಮುಂದೆ ಬಂತು, ಅವನ ಎರಡು ಬೆರಳು ಒಂದು ಎಲೆ ಎತ್ತಿದವು, ನನ್ನ ಮನೆಯ ಲೆಕ್ಕದ ಇನ್ನೊಂದು ಎಲೆಯನ್ನೂ ಎತ್ತಿದವು, ನಮ್ಮ ಅತ್ಗೇನೂ ಒಪ್ಪವ್ರೆ, ಹರಿವಾಣ ಖಾಲಿ, ಹೊಲ ಎರಡು ತುಂಡು, ಇವತ್ತಿಗೂ ಗಾಡಿಯ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ — ಅಲ್ಲಾ, ಇಷ್ಟು ದೊಡ್ಡ ದೇಶ ಪೂರಾ ಕೂರಬೇಕಾದರೆ ಎಷ್ಟು ಕಂಬಳಿ ಬೇಕು ಕರಿಬಸವಯ್ಯನವರೇ, ಎಷ್ಟು ಕಟ್ಟು ಎಲೆ, ಕೂತರೂ ನಾನು ಗೋಡೆ ಮರೆಯಲ್ಲೇ ತಾನೇ.

ಬಸವಮ್ಮ ಒಳಗೆ ಹೋದಳು, ಅವಳ ಹಿಂದೆ ನನ್ನ ಸರದಿ, ಮೇಜು, ಕನ್ನಡಕ, ಪಟ್ಟಿಯ ಮೇಲೆ ಜಾರುವ ಬೆರಳು, ಜಾರುತ್ತಿದೆ, ಜಾರುತ್ತಲೇ ಇದೆ — ಶಾಂತಮಲ್ಲಮ್ಮ, ಅಂದರು ಕನ್ನಡಕದವರು, ಪರರ ಬಾಯಲ್ಲಿ ನನ್ನ ಹೆಸರು ಕೇಳಿ ಎಷ್ಟು ವರ್ಷವಾಯಿತು, ಬರೆದಿದ್ದರು, ಜಗುಲಿಗೆ ಬಂದಿದ್ದ ಆ ಪುಣ್ಯಾತ್ಮ ಬರೆದೇಬಿಟ್ಟಿದ್ದರು, ಕೈ ಮುಂದೆ ಚಾಚಿದೆ, ಉಗುರಿಗೆ ತಣ್ಣಗೆ ಮಸಿ, ಕೈಗೆ ಚೀಟಿ, ಪರದೆಯ ಹಿಂದೆ ಸಾಲಾಗಿ ಪೆಟ್ಟಿಗೆಗಳು, ಒಂದೊಂದಕ್ಕೂ ಒಂದೊಂದು ಚಿತ್ರ, ಮರಿಮಲ್ಲಪ್ಪ ಹೇಳಿಕೊಟ್ಟ ಚಿತ್ರವೂ ಇದೆ, ಇರಲಿ ಪಾಪ, ನನ್ನ ಚೀಟಿ ನನಗೆ ಬೇಕಾದಲ್ಲಿ ಬಿತ್ತು — ಹೊರಗೆ ಬಂದು ಮೇಜಿನ ಮುಂದೆ ಸೆರಗು ಒಡ್ಡಿ ನಿಂತೆ, ಒಪ್ಪಿದ ಮೇಲೆ ಎಲೆ ಕೊಡಬೇಡವೇ, ಏನ್ ಬೇಕಮ್ಮ ಅಂದರು ಕನ್ನಡಕದವರು, ಎಲೆ ಸಾಮಿ, ಅವರು ನಕ್ಕರು, ಇಲ್ಲಿ ಎಲೆ ಗಿಲೆ ಇಲ್ಲ, ಮುಗೀತು, ಹೋಗಿಬನ್ನಿ, ನನಗೂ ನಗು ಬಂತು, ಯಾವ ಕಾಲವಾಗಿತ್ತೋ ಹೀಗೆ ನಕ್ಕು.

ಗೇಟಿನ ಹತ್ತಿರ ಮರಿಮಲ್ಲಪ್ಪ, ನಾ ಏಳಿದ್ ಪೆಟ್ಗೆಗೇ ತಾನೆ ಅತ್ಗೆ, ಹಾಕ್ದೆ ಬುಡಪ್ಪ ಅಂದೆ, ಯಾವುದಕ್ಕೆ ಅಂತ ಅವನು ಈ ಜನ್ಮದಲ್ಲಿ ತಿಳಿಯಲಾರ — ಗೆದ್ದು ಬೆಂಗಳೂರಿಗೆ ಹೋದವನೂ ಇವನಂತೆಯೇ ನಮ್ಮೋರು ಒಪ್ಪವ್ರೆ ಅಂದುಬಿಟ್ಟರೆ, ಅನ್ನಬಹುದು, ಅಂದರೆ ಐದು ವರ್ಷಕ್ಕೆ ಅವನನ್ನು ಬದಲಾಯಿಸುತ್ತೇನೆ, ಮೈದುನನನ್ನು ಬದಲಾಯಿಸುವ ಪೆಟ್ಟಿಗೆ ಎಲ್ಲಿದೆ, ಅಗೋ ಗಾಡಿಯ ಸದ್ದು, ನನ್ನ ಹೊಲದಿಂದಲೇ, ಕೇಳಲಿ, ಮುಂದಿನ ಕೂಟಕ್ಕೆ ಇವನ ಎರಡು ಬೆರಳು ನನ್ನ ಎಲೆಗೆ ಬಂದಾಗ ಗೋಡೆ ಮರೆಯಿಂದ ಒಂದು ಮಾತು, ಬುಡಪ್ಪ ಅದು ನಂದು, ಆಮೇಲೆ ಕರಿಬಸವಯ್ಯನವರ ಮುಖ, ಎಲ್ಲರ ಮುಖ, ಹರಿವಾಣ, ಹರಿವಾಣದಲ್ಲಿ ಒಂದು ಎಲೆ, ಯಾರೂ ಎತ್ತದ ಒಂದು ಎಲೆ