ಪಟ್ಟಿಯ ಮೇಲೆ ಓಡಿದ ಬೆರಳು

ಟಿಕೆಟ್ಟಿನ ಮೇಲಿನ ಮಸಿ ಮಾಸಲಾಗಿದೆ, ಕಣ್ಣಿನ ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡುತ್ತೇನೆ, ಓದುವವರು ಹಾಗೆಯೇ ಮಾಡುತ್ತಾರೆ, ತುಟಿಯನ್ನೂ ಒಂಚೂರು ಅಲ್ಲಾಡಿಸುತ್ತಾರೆ, ನಾನೂ ಅಲ್ಲಾಡಿಸುತ್ತೇನೆ — ಪಕ್ಕದಲ್ಲಿ ಯಾರೂ ಇಲ್ಲ, ಬಸ್ಸು ಅರ್ಧ ಖಾಲಿ, ಯಾರಿಗೆ ತೋರಿಸಲು ಈ ನಾಟಕ ದುರ್ಗಪ್ಪಾ, ಆದರೆ ಕೈ ಕೇಳುವುದಿಲ್ಲ, ಐವತ್ತನಾಲ್ಕು ವರ್ಷದ ಕೈ, ತಾನಾಗಿಯೇ ಮೇಲೆ ಹೋಗುತ್ತದೆ. ಅಂಕಿ ತಿಳಿಯುತ್ತವೆ, ಅಕ್ಷರ ತಿಳಿಯುವುದಿಲ್ಲ. ದಾಂಡೇಲಿ ಹಿಂದೆ ಬಿತ್ತು, ಕಾಗದದ ಕಾರ್ಖಾನೆಯ ವಾಸನೆಯೂ ಹಿಂದೆ ಬಿತ್ತು, ಅಂಗಿಯಲ್ಲಿ ಮಾತ್ರ ಇನ್ನೂ ಇದೆ, ಕಲಘಟಗಿ ಕಡೆಯ ಊರು ಬಿಟ್ಟು ಬಂದು ಇಪ್ಪತ್ತೆಂಟು ವರ್ಷ ಲಾರಿಯಿಂದ ಕಟ್ಟಿಗೆ ಇಳಿಸಿದ ಅಂಗಿ, ಎದೆಯ ಜೇಬಿನಲ್ಲಿ ಪೆನ್ನು, ಪೆನ್ನಿನ ಪಕ್ಕ ಚಸ್ಮಾ, ಇವತ್ತೂ ಇಟ್ಟುಕೊಂಡಿದ್ದೇನೆ, ಇಂಥ ದಿನವೂ, ಮುಖ ತೊಳೆದಷ್ಟೇ ಸಹಜವಾಗಿ ಇಟ್ಟುಕೊಂಡು ಬಂದಿದ್ದೇನೆ.

ದಿನಾ ಒಂದೊಂದು ಸಣ್ಣ ಪಾಠ ಕಲಿಯುತ್ತ ಹೋದರೆ ಮನುಷ್ಯ ದೊಡ್ಡವನಾಗುತ್ತಾನೆ ಎಂದು ಪಾಳಿಯ ಮೇಸ್ತ್ರಿ ಶಿವಯೋಗಿ ಹೇಳುತ್ತಿರುತ್ತಾನೆ, ನಾನೂ ಕಲಿತೆನಲ್ಲ, ಬೋರ್ಡು ನೋಡುವವರ ಬೆನ್ನ ಹಿಂದೆ ನಿಂತು ಅವರು ಮನೆಯವರಿಗೆ ಹೇಳುವುದನ್ನು ಕಿವಿಗೆ ಹಾಕಿಕೊಳ್ಳುವುದು, ಔಷಧಿಯನ್ನು ಮುಚ್ಚಳದ ಬಣ್ಣದಿಂದ ಗುರುತು ಹಿಡಿಯುವುದು, ಪೇಪರಿನಲ್ಲಿ ಫೋಟೋದ ತಲೆ ಮೇಲಿರುವಂತೆ ಹಿಡಿಯುವುದು, ಯಾರಾದರೂ ಏನಾದರೂ ಓದು ಎಂದರೆ ಚಸ್ಮಾ ಮರೆತು ಬಂದೆ ಎನ್ನುವುದು, ಸಹಿಯನ್ನು ಚಿತ್ರ ತೆಗೆದಂತೆ ತೆಗೆಯುವುದು — ಒಂದೊಂದನ್ನೂ ಎಷ್ಟು ಶ್ರದ್ಧೆಯಿಂದ ಕಲಿತೆ, ಅಷ್ಟು ಶ್ರದ್ಧೆಯಲ್ಲಿ ಒಂದು ವರ್ಷ ಯಾರ ಮುಂದಾದರೂ ಸ್ಲೇಟು ಹಿಡಿದು ಕೂತಿದ್ದರೆ ಮುಗಿದೇ ಹೋಗುತ್ತಿತ್ತು. ಮಾಲವ್ವನಿಗೆ ಮದುವೆಯಾದ ಎಂಟೇ ದಿನಕ್ಕೆ ಗೊತ್ತಾಯಿತು. ಆಡಿ ತೋರಿಸಲಿಲ್ಲ, ಜನರ ಮುಂದೆ ತಾನೇ ಮೊದಲು, ಅವರ ಚಸ್ಮಾ ಮನಿಯಾಗ ಉಳದೈತ್ರಿ, ಅಂದುಬಿಡುತ್ತಿದ್ದಳು, ನನ್ನ ಸುಳ್ಳನ್ನು ತನ್ನ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗಿದಳು. ಅವತ್ತು ಅವಳು ಪಕ್ಕದಲ್ಲಿದ್ದಿದ್ದರೆ ಹಾಗೆಯೇ ಅನ್ನುತ್ತಿದ್ದಳು, ಎಲ್ಲ ಉಳಿದುಬಿಡುತ್ತಿತ್ತು, ಅವಳು ಒಳಗಿದ್ದಳು, ಕಣ್ಣಿಗೆ ಹನಿ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಳು.

ಹಳಿಯಾಳದ ಶಾಲೆಯ ಆ ವರಾಂಡ, ಕಣ್ಣಿನ ಕ್ಯಾಂಪು, ಎರಡು ತಿಂಗಳಾಯಿತು, ಮೋತಿಬಿಂದುವಿನ ಆಪರೇಶನ್ ಪುಕ್ಕಟೆ, ತಪಾಸಣೆ ಮಾಡಿ ಆರಿಸಿದವರ ಹೆಸರನ್ನು ಎರಡು ಹಾಳೆಯಲ್ಲಿ ಗೋಡೆಗೆ ಅಂಟಿಸಿದ್ದರು, ಪಟ್ಟಿಯಲ್ಲಿದ್ದವರನ್ನು ಹನ್ನೊಂದಕ್ಕೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ಯುತ್ತಾರೆ. ಮಾಲವ್ವನ ಹೆಸರು ಇದೆಯೆಂದು ಕ್ಯಾಂಪಿನ ಹುಡುಗಿ ಮಧುಮತಿ ಬಾಯಲ್ಲಿಯೇ ಹೇಳಿದ್ದಳು, ಹಾಗಾಗಿ ನನಗೆ ಆ ಹಾಳೆಗಳ ಉಸಾಬರಿಯೇ ಬೇಕಿರಲಿಲ್ಲ, ಪೇಪರು ಮಡಚಿ ಹಿಡಿದು ಗೋಡೆಯ ಹತ್ತಿರ ನಿಂತಿದ್ದೆ, ಯಾಕೆ ನಿಂತೆ, ಪಟ್ಟಿ ನೋಡುವವರ ನಡುವೆ ನಿಂತರೆ ಚಂದ ಕಾಣುತ್ತದೆ, ಅದಕ್ಕೇ ನಿಂತೆ. ಆಗ ಇಮಾಮಸಾಬರು ಬಂದರು. ಎತ್ತರದ ಮುದುಕ, ಸಿದ್ದಿ ಜನಾಂಗದವರು, ಬೆಳ್ಳಗಾದ ಗುಂಗುರು ಕೂದಲು, ಹೆಗಲ ಮೇಲೆ ಹಸಿರು ಟವೆಲ್ಲು, ಒಂದು ಕೈ ಗೋಡೆಯ ಮೇಲೆ ಸವರುತ್ತ ಬಂದರು — ಈಗ ಅವರು ಅನ್ನುತ್ತೇನೆ, ಅವತ್ತು ನನ್ನ ಮನಸ್ಸಿನಲ್ಲಿ ಅವನು, ಕಾಡಿನವನು, ಇವನಿಗೇನು ತಿಳಿಯುತ್ತದೆ ಎನ್ನುವ ಅವನು. ಸಾಹೇಬ್ರ, ಇಮಾಮಸಾಬ ಅಂತ ನನ್ನ ಹೆಸರು ಐತೇನು ಸ್ವಲ್ಪ ನೋಡ್ರಿ, ಅಂದರು. ಏಳನೇ ತರಗತಿಯ ತನಕ ಸಾಲಿ ಕಲಿತವರಂತೆ, ಒಂದು ಕಾಲಕ್ಕೆ ಊರಿನವರ ಕಾಗದವನ್ನೆಲ್ಲ ಅವರೇ ಓದಿ ಹೇಳುತ್ತಿದ್ದರಂತೆ, ಈಗ ಎರಡೂ ಕಣ್ಣಿಗೆ ಮಂಜು.

ಸಾಹೇಬ್ರ. ಲಾರಿಯ ಕಟ್ಟಿಗೆ ಇಳಿಸುವವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಚಸ್ಮಾ ಮರೆತೆ ಎನ್ನಬಹುದಿತ್ತು, ಜೇಬಿನಲ್ಲಿ ಎದ್ದು ಕಾಣುತ್ತಿತ್ತು ಹಾಳಾದ ಚಸ್ಮಾ, ಆದರೆ ಮಂಜುಗಣ್ಣಿನವರಿಗೆ ಅದು ಕಾಣುತ್ತಿತ್ತೇ, ಇಲ್ಲ, ಚಸ್ಮಾದ ಮಾತಲ್ಲ ಅದು, ಸಾಹೇಬ್ರ ಅಂದದ್ದು ಸಿಹಿಯಾಗಿ ಇಳಿಯಿತು, ಅಷ್ಟೇ. ಚಸ್ಮಾ ಏರಿಸಿದೆ. ಬೆರಳನ್ನು ಮೇಲಿನ ಸಾಲಿಗೆ ಇಟ್ಟು ಕೆಳಗೆ ಎಳೆಯುತ್ತ ಬಂದೆ, ನಿಧಾನ, ನಡುನಡುವೆ ನಿಲ್ಲಿಸಿ, ಹುಂ ಎನ್ನುತ್ತ, ಒಂದು ಹಾಳೆ ಆಯಿತು, ಎರಡನೆಯದೂ ಆಯಿತು. ಅಷ್ಟೂ ಹೊತ್ತು ಅವರು ಪಕ್ಕದಲ್ಲಿ ಉಸಿರು ಹಿಡಿದು ನಿಂತಿದ್ದರು. ಇಲ್ಲರೀ, ಅಂದೆ. ಇದೆ ಎಂದರೆ ಎಷ್ಟನೇ ನಂಬರು ಎಂದು ಕೇಳುತ್ತಾರೆ, ಇಲ್ಲ ಎಂದರೆ ಅಲ್ಲಿಗೇ ಮುಗಿಯುತ್ತದೆ, ಇದೂ ನಾನು ಕಲಿತ ಪಾಠವೇ. ಇನ್ನೊಂದ ಸಲ ನೋಡ್ತೀರೇನ್ರಿ, ಅಂದರು, ಇನ್ನೊಮ್ಮೆ ಬೆರಳು ಓಡಿಸಿದೆ. ಆಮೇಲೆ ಅವರು ತಮ್ಮ ಊರು ಹೇಳಿದರು, ಹಳಿಯಾಳದ ಆಚೆ ಫಾರೆಸ್ಟ್ ನಾಕಾ ದಾಟಿ ಎರಡನೇ ಸ್ಟಾಪು, ಮುಂದೆ ಯಾವಾಗಾದರೂ ಹೆಸರು ಹತ್ತಿಸಿದರೆ ಒಂದು ಸುದ್ದಿ ಮುಟ್ಟಿಸಿರಿ ಎಂದು, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ ಎಂದು, ಕೈಯನ್ನು ಎದೆಗೆ ಮುಟ್ಟಿಸಿಕೊಂಡು, ಮೆಟ್ಟಿಲನ್ನು ಕಾಲಿನಿಂದ ಹುಡುಕಿ ಇಳಿದು ಹೋದರು.

ಬಸ್ಸು ಬದಲಾಯಿಸಿದ್ದೇನೆ, ಹಳಿಯಾಳ ಸ್ಟ್ಯಾಂಡಿನಲ್ಲಿ ಬೋರ್ಡು ನೋಡದೆ ನೇರ ಕಂಡಕ್ಟರನನ್ನು ಕೇಳಿದೆ, ಅವನು ಹೇಳಿದ, ಆಕಾಶ ಬೀಳಲಿಲ್ಲ. ಈ ರಸ್ತೆ, ಈ ಸರ್ಕಲ್ಲು — ಅವತ್ತು ಹುಬ್ಬಳ್ಳಿಗೆ ಹೊರಟ ಬಸ್ಸಿನಲ್ಲಿ ಮಾಲವ್ವನ ಪಕ್ಕ ಕೂತಿದ್ದೆ, ಮಧುಮತಿ ಕೈಯಲ್ಲಿ ಹಾಳೆ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತ ಟಿಕ್ ಹಾಕುತ್ತಿದ್ದಳು, ಇಮಾಮಸಾಬ, ಅಂದಳು. ಇಮಾಮಸಾಬ ಬಂದಾರೇನ್ರಿ, ಮೂರು ಸಲ. ಎದ್ದು ನಿಂತು, ಈಗ ಇಳಿದು ಹೋದರು, ಸ್ಟ್ಯಾಂಡಿನಲ್ಲಿ ಸಿಗುತ್ತಾರೆ, ಓಡಿ ಕರೆತರುತ್ತೇನೆ ಎಂದರೆ ಎರಡು ನಿಮಿಷದ ಕೆಲಸ, ಆದರೆ ಯಾಕೆ ಹೋದರು ಎಂದು ಆ ಹುಡುಗಿ ಕೇಳುತ್ತಾಳೆ, ಹೆಸರಿಲ್ಲವೆಂದು ಯಾರು ಹೇಳಿದರು ಎಂದು ಕೇಳುತ್ತಾಳೆ, ಬಸ್ಸಿನ ಮಂದಿಯೆಲ್ಲ ತಿರುಗಿ ನೋಡುತ್ತಾರೆ, ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಸರಿಯಾಗಿಯೇ ಇದ್ದ ಪಟ್ಟಿ. ಬಸ್ಸು ಹೊರಟಿತು, ಸರ್ಕಲ್ಲಿನಲ್ಲಿ ಹಸಿರು ಟವೆಲ್ಲು, ಇಮಾಮಸಾಬರು ಹಣೆಗೆ ಅಂಗೈ ಅಡ್ಡ ಹಿಡಿದು ನಿಂತಿದ್ದರು, ನಮ್ಮ ಬಸ್ಸಿನ ಸದ್ದು ಕೇಳಿ, ತಮ್ಮೂರಿನ ಬಸ್ಸು ಎಂದು ತಿಳಿದು ಕೈ ಮಾಡಿದರು. ಅವರನ್ನು ಕರೆದೊಯ್ಯಬೇಕಾಗಿದ್ದ ಬಸ್ಸಿಗೇ ಕೈ ಮಾಡಿದರು. ಡ್ರೈವರು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸು ಎನ್ನಲಿಲ್ಲ.

ಮಾಲವ್ವನ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವಳು ಅಂಗಳದಲ್ಲಿ ಕೂತು ತನ್ನ ಬಳೆಯ ಮೇಲಿನ ಚುಕ್ಕೆ ಎಣಿಸಿದಳು, ನಕ್ಕಳು, ನನಗೆ ನಗು ಬರಲಿಲ್ಲ, ಎರಡು ತಿಂಗಳು ಅವಳು ಏನು ನೋಡಿ ಸಂತೋಷಪಟ್ಟರೂ ನನಗೆ ಆ ಎತ್ತಿದ ಕೈ. ಕೊನೆಗೆ ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ, ಎಲ್ಲ ಹೇಳಿದೆ. ಬೈದರೆ ಚೆನ್ನಾಗಿತ್ತು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಆ ಹಿರ್ಯಾನ ಊರು ಗೊತ್ತೈತೇನು, ಅಂದಳು, ಇವತ್ತು ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು, ಹೋಗಿ ಬರ್ರಿ, ಅಂದಳು, ಅಷ್ಟೇ.

ಎರಡನೇ ಸ್ಟಾಪು. ಭತ್ತದ ಗದ್ದೆಯಲ್ಲಿ ಕೊಯ್ಲು ನಡೆದಿದೆ, ಕುಡುಗೋಲು ಹಿಡಿದ ಹೆಂಗಸೊಬ್ಬಳು ಮನೆ ತೋರಿಸಿದಳು, ಮಣ್ಣಿನ ಕಟ್ಟೆ, ಕಟ್ಟೆಯ ಮೇಲೆ ಅವರು ಒಬ್ಬರೇ, ಬಲಗೈ ಹೆಬ್ಬೆರಳಿಗೆ ಅರಿವೆ ಸುತ್ತಿದೆ, ಚಹಾದ ಪಾತ್ರೆ ಎಂದುಕೊಂಡು ಒಲೆಯ ಕೆಂಡ ಮುಟ್ಟಿದರಂತೆ, ಅದನ್ನು ನಗುತ್ತಲೇ ಹೇಳಿದರು, ಸೊಸೆ ಶಬನಮ್ ಕೊಯ್ಲಿಗೆ ಹೋಗಿದ್ದಾಳೆ, ಮಕ್ಕಳು ಶಾಲೆಗೆ ಹೋಗಿದ್ದಾರೆ. ನಾನು ಇನ್ನೂ ಹೆಸರು ಹೇಳಿರಲಿಲ್ಲ, ನಿಮ್ಮ ದನಿ ಕೇಳೇನಿ, ಅಂದರು, ಹಳಿಯಾಳದಾಗ ನನ್ನ ಹೆಸರು ಹುಡುಕಿದ ಸಾಹೇಬ್ರಲ್ಲೇನ್ರಿ. ಎದ್ದು, ಬೇಡವೆಂದರೂ ಕೇಳದೆ, ತಡವರಿಸುತ್ತ ಕೊಡದಿಂದ ನೀರು ಬಗ್ಗಿಸಿಕೊಟ್ಟರು, ಲೋಟ ತುಂಬಿ ನನ್ನ ಕೈಮೇಲೆ ಹರಿಯಿತು. ಎರಡೆರಡು ಸಲ ಹುಡುಕಿದಿರಲ್ಲ, ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಗುರುತಿಲ್ಲದವರಿಗೆ ಅಷ್ಟು ಯಾರು ಮಾಡುತ್ತಾರೆ — ಅವರು ಹೇಳುತ್ತಲೇ ಇದ್ದಾರೆ, ಹೇಳಬೇಡಿ ಎನ್ನಬೇಕು, ನೀರು ಕುಡಿದು ಕಟ್ಟೆಯ ತುದಿಯಲ್ಲಿ ಕೂರುತ್ತೇನೆ.

ಚಲೋ ಹೊತ್ತಿಗೆ ಬಂದ್ರಿ ನೋಡ್ರಿ, ಅಂದರು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು, ಆಶಾ ಕಾರ್ಯಕರ್ತೆ ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಕೈಗಿಟ್ಟು ಹೋದಳಂತೆ, ಇನ್ನೊಂದು ಕ್ಯಾಂಪಿನದು, ಯಾವ ದಿನ, ಯಾವ ಊರಿಗೆ ಬರಬೇಕು ಎಲ್ಲ ಅದರಲ್ಲಿದೆಯಂತೆ, ಮಡಿಕೆ ಬಿಚ್ಚಿ, ಹೆಬ್ಬೆರಳಿನ ಅರಿವೆಯಿಂದ ನೇರ ಮಾಡಿ ನನ್ನ ಕಡೆ ಚಾಚಿದರು, ಓದ್ರಿ ಸಾಹೇಬ್ರ. ನನ್ನ ಕೈ ಚಸ್ಮಾದ ಕಡೆ ಹೋಯಿತು, ಹೋಗಿಬಿಟ್ಟಿತ್ತು, ಜೇಬಿನ ಅಂಚು ಮುಟ್ಟಿತ್ತು, ಅಲ್ಲಿಯೇ ಹಿಡಿದೆ.

ನನಗ ಓದಾಕ ಬರೂದಿಲ್ರಿ, ಅಂದೆ. ಅವತ್ತೂ ಬರತಿರಲಿಲ್ಲ. ಯಾರದೋ ದನಿಯಂತೆ ಕೇಳಿಸಿತು. ಅವರು ನಕ್ಕರು, ತಮಾಷೆ ಎಂದುಕೊಂಡರು, ಆಮೇಲೆ ನಗು ಮುಖದಲ್ಲಿಯೇ ನಿಂತಿತು. ನಿಮ್ಮ ಹೆಸರು ಇತ್ರಿ, ಬಸ್ಸಿನಾಗ ಮೂರ ಸಲ ಕರದ್ರು, ನಾ ಅಲ್ಲೇ ಕುಂತಿದ್ದೆ, ಅಂದೆ. ಬೈಗುಳ ಬರಲಿ, ಬರುತ್ತದೆ, ಅವರ ಕೋಲು ಕೈಯ ಹತ್ತಿರವೇ ಇದೆ, ಎತ್ತಲಿ, ಎತ್ತಲಿ. ಇತ್ತೇನು, ಅಂದರು, ಬಹಳ ಸಣ್ಣ ದನಿಯಲ್ಲಿ, ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡಂತೆ, ನನ್ನ ಹೆಸರು ಇತ್ತೇನು. ಗದ್ದೆಯಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದಾರೆ, ಅವರ ಮಂಜುಗಣ್ಣು ನನ್ನ ಭುಜದ ಪಕ್ಕಕ್ಕೆ, ನಾನು ಇಲ್ಲದ ಕಡೆ ನೋಡುತ್ತಿದೆ, ಕಾಗದ ಮಾತ್ರ ನನ್ನ ಕಡೆ ಚಾಚಿದಂತೆಯೇ ಇದೆ, ಹಿಂದಕ್ಕೆ ತೆಗೆದುಕೊಳ್ಳುವುದು ಮರೆತಿದ್ದಾರೆ, ಇಸಿದುಕೊಳ್ಳಲೇ, ಇಸಿದುಕೊಂಡು ಗದ್ದೆಗೆ ಓಡಿ ಯಾರನ್ನಾದರೂ ಕೇಳಲೇ, ಇದನ್ನು ಓದಿರಿ, ನನಗೆ ಬರುವುದಿಲ್ಲ, ಅಷ್ಟೇ ಮಾತು, ಏಳು ದುರ್ಗಪ್ಪಾ, ಕಾಲು ಏಳುವುದಿಲ್ಲ, ಗಾಳಿಗೆ ಕಾಗದದ ತುದಿ ಅಲುಗುತ್ತದೆ, ಅರಿವೆ ಸುತ್ತಿದ ಹೆಬ್ಬೆರಳು ಅದನ್ನು ಒತ್ತಿ ಹಿಡಿದಿದೆ, ಕಾಗದ, ಚಾಚಿದ ಕಾಗದ, ಇನ್ನೂ ಚಾಚಿಯೇ ಇರುವ ಕಾಗದ —