ಕಟ್ಟಿದ ಕಂಬಿ

ಕಂಬಿ ಕಟ್ಟಿದವಳು ಅಕ್ಕ. ಕೈ ಕಳೆದುಕೊಂಡವಳು ತಂಗಿ. ತಂಗಿಯೇ ಕಟ್ಟಿಕೊಂಡಳೆಂದು ಬರೆದ ಕಾಗದಕ್ಕೆ ಅಕ್ಕ ಸಹಿ ಹಾಕಿದಳು.

ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಒದ್ದೆ ಹಾಸುಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಕಾದ ರೋಲರಿಗೆ ಉಣಿಸಬೇಕು. ರೋಲರಿನ ಬಾಯಿಗೆ ಅಡ್ಡವಾಗಿ ಒಂದು ಕಂಬಿ. ಬೆರಳು ತಗುಲಿದರೆ ಯಂತ್ರ ನಿಲ್ಲುತ್ತದೆ. ದಪ್ಪ ಹೊಲಿಗೆ ತಗುಲಿದರೂ ನಿಲ್ಲುತ್ತದೆ. ಹಾಗೆ ದಿನಕ್ಕೆ ನಲವತ್ತು ಸಲ ನಿಂತರೆ ಬಟ್ಟೆಯ ರಾಶಿ ಕರಗುವುದು ಯಾವಾಗ? ಹರಿದ ದಿಂಬಿನ ಚೀಲದ ಪಟ್ಟಿಯಿಂದ ಏನೂ ತಗುಲದಂತೆ ಕಂಬಿಯನ್ನು ಮೇಲಕ್ಕೆ ಬಿಗಿಯುವುದು ಅಲ್ಲಿನ ಹಳೆಯ ಉಪಾಯ. ಕಟ್ಟಿ ಎಂದು ಮೇಲ್ವಿಚಾರಕ ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ರಾಶಿ ಯಾಕೆ ಮುಗಿದಿಲ್ಲ ಎಂದಷ್ಟೇ ಕೇಳುತ್ತಿದ್ದ.

ಅಕ್ಕ ಇಸ್ತ್ರಿ ಸಾಲಿನ ಮುಖ್ಯಸ್ಥೆ. ಲಾಂಡ್ರಿ ಮಾಲೀಕರ ಕಡೆಯಿಂದ ಕಾಗದ ತಂದವನು, "ಅವಳ ಕೈಯಂತೂ ಹೋಯ್ತು. ನಿನ್ನ ಕೆಲಸಾನೂ ಹೋಗ್ಬೇಕಾ?" ಅಂದಿದ್ದ. ತಂಗಿಗೆ ರೋಲರಿಗೆ ಕೈ ಸಿಕ್ಕ ದಿನದ ನೆನಪೇ ಉಳಿದಿರಲಿಲ್ಲ. ಎಚ್ಚರವಾದಾಗ "ಏನ್ ಮಾಡ್ಕೊಂಡ್ನಕ್ಕಾ?" ಅಂದಳು. "ಕಂಬಿ ಕಟ್ಕೊಂಡಿದ್ದೆ ಕಣೇ" ಅಂದುಬಿಟ್ಟಳು ಅಕ್ಕ.

ಮೂರು ತಿಂಗಳು. ಪ್ರತಿ ಭಾನುವಾರ ಚರ್ಚಿನಲ್ಲಿ ಅಕ್ಕ ಮುಂದೆ ಹೋಗಿ, ಪಾಪ ಒಪ್ಪಿಕೊಂಡವರಷ್ಟೇ ತಿನ್ನಬೇಕಾದ ಕರ್ತನ ರೊಟ್ಟಿ ತಿಂದು ಬಂದಳು. ನನ್ನ ಕೆಲಸ ಉಳಿಸು, ನನ್ನ ಹೆಸರು ಉಳಿಸು ಎಂದು ಬೇಡಿಕೊಂಡಳು. ತಂಗಿ ಬೆಂಚು ಬಿಟ್ಟು ಏಳಲೇ ಇಲ್ಲ. ಹಾಡಿನ ಹೊತ್ತಿಗೆ ಮಾತ್ರ, "ಒಂದ್ ಕೈ ಕೊಡೇ, ಚಪ್ಪಾಳೆಗೆ ಬೇಕು" ಎಂದು ಅಕ್ಕನ ಅಂಗೈಗೆ ತಟ್ಟುತ್ತಿದ್ದಳು.

ಆ ರೊಟ್ಟಿ ಇಡುವ ಕರ್ತನ ಮೇಜಿನ ಬಟ್ಟೆ ಒಗೆದು ಮಡಿಸಿ ಕೊಡುವುದು ಅಕ್ಕತಂಗಿಯರ ಪಾಲಿನ ಸೇವೆ. ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಎದುರುಬದುರು ನಿಂತರು. ಅಕ್ಕನಿಗೆ ಎರಡು ಮೂಲೆ, ಎರಡು ಕೈ. ತಂಗಿ ಒಂದು ಮೂಲೆಯನ್ನು ಎಡಗೈಯಲ್ಲಿ ಹಿಡಿದಳು. ಇನ್ನೊಂದನ್ನು ಹಲ್ಲಲ್ಲಿ ಕಚ್ಚಿದಳು. ಬಟ್ಟೆ ಝಾಡಿಸುವಾಗ ಕತ್ತು ಕೊಂಕಿತು.

ಮೂಲೆ ಬಿಟ್ಟು, "ಎಂಜಲು ಬಟ್ಟೆ ಹಾಸಿದ್ರೆ ದೇವರು ಬೈಯಲ್ವೇನೇ?" ಎಂದು ನಕ್ಕಳು. ನಗು ನಿಂತ ಮೇಲೆ ಕೇಳಿದಳು: "ನನ್ ಅವಸರ ಕ್ಷಮಿಸಪ್ಪಾ ಅಂತ ದಿನಾ ಅಳ್ತೀನಿ. ಕ್ಷಮಿಸಿದಾನೆ ಅಂತ ಗೊತ್ತಾಗೋದ್ ಹೇಗಕ್ಕಾ? ನಾಳೆ ರೊಟ್ಟಿ ತಗೊಳ್ಲಾ, ಬೇಡ್ವಾ?"

ಅಕ್ಕನ ಕೈಯಲ್ಲಿ ಬಿಳಿ ಬಟ್ಟೆ ಕಲ್ಲಿನಷ್ಟು ಭಾರವಾಯಿತು. ಅದನ್ನು ಹೊತ್ತು ಆ ಮೇಜಿನವರೆಗೆ ನಡೆಯಲು ತನ್ನಿಂದಾಗದು ಎಂದು ಅವಳಿಗೆ ತಿಳಿಯಿತು.

"ಕಟ್ಟಿದ್ದು ನಾನು."

"ಏನು?"

"ಕಂಬಿ. ಅದನ್ನ ಕಟ್ಟಿದ್ದು ನಾನು ಕಣೇ. ನಿಂಗೆ ಸುಳ್ಳು ಹೇಳ್ದೆ. ಕಾಗದಕ್ಕೆ ಸಹಿ ಹಾಕ್ದೋಳೂ ನಾನೇ."

ತಂಗಿ ಅಕ್ಕನ ಕೈಯಿಂದ ಮೂಲೆಗಳನ್ನು ಬಿಡಿಸಿಕೊಂಡು, ನೆಲದ ಮೇಲೆ ಕೂತು, ಬಟ್ಟೆಯನ್ನು ಮೊಣಕಾಲಿಗೆ ಆನಿಸಿ ಒಬ್ಬಳೇ ಮಡಿಸಿದಳು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಅಂದಳು: "ಮೂರು ತಿಂಗಳು ನಿನ್ ಪಾಪಕ್ಕೆ ನಾನ್ ಅತ್ನಲ್ಲೇ."

ಭಾನುವಾರ ತಂಗಿ ಮುಂದೆ ಹೋಗಿ ರೊಟ್ಟಿಗೆ ಎಡಗೈ ಚಾಚಿದಳು. ಅಕ್ಕ ಬೆಂಚಿನಲ್ಲೇ ಉಳಿದಳು. ನಾನು ಮಾಡಿದೆ ಎಂಬುದರ ಹೊರತು ಅವಳ ಪ್ರಾರ್ಥನೆಯಲ್ಲಿ ಬೇರೆ ಮಾತಿರಲಿಲ್ಲ. ಉಳಿಸು, ಕೊಡು ಎಂಬ ಮಾತೊಂದೂ ಹೊರಡಲಿಲ್ಲ. ತಂಗಿ ಹಿಂತಿರುಗಿ ಬಂದು ಬೇರೆ ಬೆಂಚಿನಲ್ಲಿ ಕೂತಳು. ಹಾಡಿನ ಹೊತ್ತಿಗೆ ತನ್ನ ತೊಡೆಗೇ ತಟ್ಟಿಕೊಂಡಳು.

ಸೋಮವಾರ ಬೆಳಿಗ್ಗೆ ಅಕ್ಕ ಮೊದಲು ಕಾರ್ಖಾನೆ ಅಪಘಾತಗಳ ತನಿಖೆಯ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟು, ಆಮೇಲೆ ಕೆಲಸಕ್ಕೆ ಬಂದಳು. ತಂಗಿಯ ಜಾಗದಲ್ಲಿ ಹೊಸಬಳೊಬ್ಬಳು ನಿಂತಿದ್ದಳು. ಅಕ್ಕ ಕಂಬಿಯ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಯಂತ್ರ ನಿಂತಿತು, ನಡೆಯಿತು, ಮತ್ತೆ ನಿಂತಿತು.

ಮೇಲ್ವಿಚಾರಕ ಓಡಿಬಂದ. "ರಾಶಿ ಯಾಕ್ ಮುಗಿದಿಲ್ಲ?"

"ಕಂಬಿ ಬಿಚ್ಚಿದೀನಿ, ಅದಕ್ಕೆ."

"ಏನ್ ಮಾಡ್ಬೇಕು ಅಂತ ನಿಂಗೆ ಹೇಳ್ಕೊಡ್ಬೇಕಾ?"

"ಹೌದು, ಹೇಳಿ. ಎಲ್ರಿಗೂ ಕೇಳೋ ಹಾಗೆ ಬಾಯ್ಬಿಟ್ಟು ಹೇಳಿ."

ಇಸ್ತ್ರಿ ಸಾಲಿನವರೆಲ್ಲ ತಿರುಗಿ ನೋಡಿದರು. ಅವನ ಮುಖ ಕೆಂಪೇರಿತು.

"ಕಟ್ಟು!"

"ಕಟ್ಟಲ್ಲ."